ಹಗುರ ಸರಿ, ಅಗಲ ಎಷ್ಟು?

ನಮ್ಮ ಕಡೆ ಯಾರಾದರೂ ಹೊಸ ಕಾರು ತಂದರೆ ಜನ ಕೇಳುವ ಪ್ರಶ್ನೆಗಳು ಗೊತ್ತೇ ಇವೆ. ಎಷ್ಟಾಯ್ತು? ಎಷ್ಟು ಕೊಡುತ್ತೆ? ಡೀಸೆಲ್ಲಾ, ಪೆಟ್ರೋಲಾ? ಸ್ವಲ್ಪ ಕಾರಿನ ಹುಚ್ಚಿರುವವರು ಎಷ್ಟು ಸಿಸಿ, ಎಷ್ಟು ಬಿಎಚ್‌ಪಿ ಅಂತ ಮುಂದುವರಿಸುತ್ತಾರೆ. ಹುಚ್ಚು ಇನ್ನೂ ಜಾಸ್ತಿಯಾದವರು ತೂಕ ಕೇಳುತ್ತಾರೆ. ಅಗಲ ಎಷ್ಟು ಅಂತ ಕೇಳಿದವರನ್ನು ನಾನು ಇದುವರೆಗೂ ಕಂಡಿಲ್ಲ. ಮನೆಯ ಗೇಟಿನಲ್ಲಿ ಕಾರು ಹಿಡಿಸದೇ ಹೋದಾಗ ಮಾತ್ರ ಅದು ನೆನಪಾಗುತ್ತದೆ.

ನಾನಿಲ್ಲಿ ಹೇಳಹೊರಟಿದ್ದು ಎರಡು ಕಾರುಗಳ ವಿಷಯ. ಒಂದು 1967ರ ಲೋಟಸ್ ಇಲಾನ್. ನಾವಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಆ ಕಾರು ನಮ್ಮ ಬೀದಿಯ ಕೊನೆಯ ಮನೆಯವರದ್ದು. ಹೆಸರು ಬೇಡ, ಯಜಮಾನರು ಅಂತ ಕರೆಯೋಣ. ಎಪ್ಪತ್ತು ದಾಟಿದವರು, ಕೆಲಸದಲ್ಲಿದ್ದಾಗ ಎಂಜಿನಿಯರ್. ಇನ್ನೊಂದು ನನ್ನದೇ ಸೆಕೆಂಡ್ ಹ್ಯಾಂಡ್ ಮಾಜ್ದಾ ಎಂಎಕ್ಸ್-5, ಈಗಿನ ನಾಲ್ಕನೇ ತಲೆಮಾರಿನದ್ದು, 1.5 ಲೀಟರ್ ಇಂಜಿನ್. ಎರಡಕ್ಕೂ ಎರಡೇ ಸೀಟು, ಬಟ್ಟೆಯ ಛಾವಣಿ. ಎರಡರಲ್ಲೂ ಇಂಜಿನ್ ಮುಂದೆ, ಓಡಿಸುವುದು ಹಿಂದಿನ ಚಕ್ರ. ಅಮ್ಮ ಇಲ್ಲಿಗೆ ಬಂದಿದ್ದಾಗ ನನ್ನ ಕಾರಿನಲ್ಲಿ ಕೂತು ಎರಡು ಮಾತು ಹೇಳಿದರು. "ಇಷ್ಟು ದುಡ್ಡು ಕೊಟ್ಟು ಎರಡೇ ಸೀಟಾ?" ಆಮೇಲೆ, "ನೆಲದ ಮೇಲೇ ಕೂತ ಹಾಗಿದೆಯಲ್ಲೋ. ಏಳೋದು ಹ್ಯಾಗೆ ಮಾರಾಯ?" ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈ ಹಿಡಿದು ಎಬ್ಬಿಸಿದೆ.

ಒಂದು ಭಾನುವಾರ ಯಜಮಾನರು ಇಲಾನ್‌ನ ಕೀ ನನ್ನ ಕೈಗೆ ಕೊಟ್ಟರು. ಇನ್ಶೂರೆನ್ಸ್‌ನಲ್ಲಿ ನನ್ನ ಹೆಸರನ್ನೂ ಸೇರಿಸಿಯಾಗಿತ್ತು. ನನ್ನ ಕಾರನ್ನು ಅವರು ಓಡಿಸಿದರು. ಊರ ಹೊರಗೆ ಹೋಗಿ, ಪೀಕ್ ಡಿಸ್ಟ್ರಿಕ್ಟ್‌ನ ಗುಡ್ಡಗಳನ್ನು ಸುತ್ತಿ, ಮಧ್ಯೆ ಚಹಾ ಕುಡಿದು, ಕಾರು ಅದಲು ಬದಲು ಮಾಡಿಕೊಂಡು ಬಂದೆವು. ಹಳೆಯ ಕಾರು, ಹೊಸ ಕಾರು ಎರಡರಲ್ಲಿ ಯಾವುದು ಚೆಂದ ಅನ್ನುವ ಚರ್ಚೆ ಹಳೆಯದು. ಹಳೆಯದಕ್ಕೆ ಜೀವ ಇದೆ, ಹೊಸದಕ್ಕೆ ಇಲ್ಲ ಅಂತ ಹೇಳಿ ಮುಗಿಸುವವರು ಬೇಕಾದಷ್ಟು ಜನ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅವತ್ತು ನನಗೆ ಕಂಡ ವ್ಯತ್ಯಾಸವನ್ನು ಟೇಪು ಹಿಡಿದು ಅಳೆಯಬಹುದು.

ಮೊದಲು ಇಲಾನ್ ಹುಟ್ಟಿದ ಕತೆ ಹೇಳಬೇಕು, ಅದು ರುಚಿಯಾಗಿದೆ.

ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದ್ದು ಕಟ್ಟಡಗಳ ಎಂಜಿನಿಯರಿಂಗ್. ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ, ಬೇರೆ ಮೈ ಕಟ್ಟಿ ರೇಸಿಗೆ ಇಳಿದವನು. 1957ರಲ್ಲಿ ಅವನು ಎಲೀಟ್ ಅನ್ನುವ ಕಾರು ತೋರಿಸಿದ. ಅದರಲ್ಲಿ ಚಾಸಿಯೇ, ಅಂದರೆ ಕಾರಿನ ಭಾರ ಹೊರುವ ಅಸ್ಥಿಪಂಜರವೇ ಇರಲಿಲ್ಲ. ಮೈಯೇ ಚಾಸಿ, ಅದೂ ಫೈಬರ್‌ಗ್ಲಾಸ್‌ನದ್ದು. ನೋಡಲು ಬಹಳ ಚೆಂದ. ಆದರೆ ಕಟ್ಟುವ ಖರ್ಚು ಜಾಸ್ತಿಯಾಗಿ, ಮಾರಿದಷ್ಟೂ ನಷ್ಟ. ಜೊತೆಗೆ ಇನ್ನೊಂದು ತೊಡಕು. ಅಂಥ ಕಾರಿನ ಗಟ್ಟಿತನದಲ್ಲಿ ಛಾವಣಿಗೂ ದೊಡ್ಡ ಪಾಲು. ಛಾವಣಿ ಕತ್ತರಿಸಿ ತೆರೆದ ಕಾರು ಮಾಡಲು ಹೋದರೆ ಉಳಿದದ್ದು ಬಳುಕಲು ಶುರು.

ಮುಂದಿನ ಕಾರು ತೆರೆದ ಕಾರೇ ಆಗಬೇಕಿತ್ತು. ಅದರ ಹೊಣೆ ಹೊತ್ತವರು ದಕ್ಷಿಣ ಆಫ್ರಿಕಾದಿಂದ ಬಂದ ರಾನ್ ಹಿಕ್‌ಮನ್. ಸಸ್ಪೆನ್ಷನ್, ಇಂಜಿನ್ ಎಲ್ಲ ಪರೀಕ್ಷೆ ಮಾಡಬೇಕಲ್ಲ, ಮೈ ತಯಾರಾಗುವ ತನಕ ಅಂತ ತಗಡು ಮಡಚಿ ಬೆಸೆದ ಒಂದು ಪೆಟ್ಟಿಗೆ ಮಾಡಿದರು. ನಡುವೆ ಬೆನ್ನುಮೂಳೆ, ಮುಂದೆ ಎರಡು ಕವಲು, ಹಿಂದೆ ಎರಡು ಕವಲು. ತಾತ್ಕಾಲಿಕ ಏರ್ಪಾಡು, ಅಷ್ಟೇ. ನೋಡಿದರೆ ಆ ಪೆಟ್ಟಿಗೆಯೇ ಬೇಕಾದಷ್ಟು ಗಟ್ಟಿ, ಬೇಕಾದಷ್ಟು ಹಗುರ, ಮಾಡುವ ಖರ್ಚೂ ಕಮ್ಮಿ. ಅದನ್ನೇ ಇಟ್ಟುಕೊಂಡರು. ಮೇಲೆ ಫೈಬರ್‌ಗ್ಲಾಸ್ ಮೈ ಹೊದಿಸಿದರು. 1962ರಲ್ಲಿ ಇಲಾನ್ ಮಾರುಕಟ್ಟೆಗೆ ಬಂತು.

ಇದರಲ್ಲಿ ನನಗೆ ಮೋಜೆನಿಸುವುದು ಒಂದಿದೆ. ಅದೇ 1962ರಲ್ಲಿ ಚಾಪ್‌ಮನ್ ಫಾರ್ಮುಲಾ ಒನ್ ರೇಸಿಗೆ ಲೋಟಸ್ 25 ಇಳಿಸಿದ. ಅಲ್ಲಿ ಅವನು ಕೊಳವೆಗಳ ಚಾಸಿ ಬಿಟ್ಟು, ಮೈಯೇ ಚಾಸಿ ಆಗಿರುವ ಕಾರಿಗೆ ಬಂದ. ರಸ್ತೆಯ ಕಾರಿನಲ್ಲಿ ಮೈಯೇ ಚಾಸಿ ಆಗಿದ್ದನ್ನು ಬಿಟ್ಟು ಬೇರೆ ಚಾಸಿಗೆ ಬಂದ. ಒಂದೇ ಮನುಷ್ಯ, ಒಂದೇ ವರ್ಷ, ಎರಡು ದಿಕ್ಕು. ಅವನ ಹೆಸರಿನಲ್ಲಿ ಹಗುರದ ಬಗ್ಗೆ ಓಡಾಡುವ ಮಾತುಗಳನ್ನು ಪೋಸ್ಟರ್ ಮಾಡಿ ಗೋಡೆಗೆ ಹಾಕಿಕೊಳ್ಳುವವರಿದ್ದಾರೆ. ಆ ಪೋಸ್ಟರ್‌ಗಿಂತ ಈ ಎರಡು ಕಾರು ಜಾಸ್ತಿ ಹೇಳುತ್ತವೆ ಅನ್ನಿಸುತ್ತದೆ ನನಗೆ. ಅವನಿಗೆ ಸಿದ್ಧಾಂತ ಮುಖ್ಯ ಆಗಿರಲಿಲ್ಲ, ಕೆಲಸ ಆಗಬೇಕಿತ್ತು. (ಹಿಕ್‌ಮನ್ ಆಮೇಲೆ ಲೋಟಸ್ ಬಿಟ್ಟು, ಮಡಚಿ ಇಡುವ ಬಡಗಿ ಬೆಂಚೊಂದನ್ನು ಕಂಡುಹಿಡಿದರು. ಮರ ಕುಯ್ಯಲು ಆಧಾರಕ್ಕೆ ಒಳ್ಳೆಯ ಕುರ್ಚಿ ಇಟ್ಟುಕೊಂಡು, ಮರದ ಜೊತೆ ಕುರ್ಚಿಯನ್ನೂ ಕುಯ್ದಿದ್ದರಂತೆ. ಅಲ್ಲಿಂದ ಬಂದ ಯೋಚನೆ. ವರ್ಕ್‌ಮೇಟ್ ಅಂತ ಅದರ ಹೆಸರು. ಇಲ್ಲಿ ಬಹಳ ಮನೆಗಳ ಗ್ಯಾರೇಜಿನಲ್ಲಿ ಇರುತ್ತದೆ. ಇಲಾನ್ ಕಾಣದವರೂ ಹಿಕ್‌ಮನ್ ಮಾಡಿದ ವಸ್ತು ಬಳಸಿರುತ್ತಾರೆ.)

ಇಂಜಿನ್ ವಿಷಯ ಬೇಗ ಮುಗಿಸುತ್ತೇನೆ. ಕೆಳಗಿನ ಭಾಗ ಫೋರ್ಡಿನದ್ದು, ಮೇಲಿನ ಎರಡು ಕ್ಯಾಮ್‌ಶಾಫ್ಟಿನ ಹೆಡ್ ಲೋಟಸ್‌ನದ್ದು. 1558 ಸಿಸಿ, 105 ಬಿಎಚ್‌ಪಿ. ಎರಡು ವೆಬರ್ ಕಾರ್ಬ್ಯುರೇಟರ್. ನಾಲ್ಕೇ ಗೇರು. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. ತೂಕ ಹೆಚ್ಚುಕಮ್ಮಿ 690 ಕಿಲೋ.

ಈ 690 ಅನ್ನುವುದು ಎಷ್ಟು ಅಂತ ತಿಳಿಯಲು ಬೇರೆಲ್ಲೂ ಹೋಗಬೇಕಾಗಿಲ್ಲ. ನಮ್ಮ ಮಾರುತಿ 800 ಸುಮಾರು 650 ಕಿಲೋ ತೂಗುತ್ತಿತ್ತು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿದ್ದ ಬಿಳಿ ಮಾರುತಿ ಕೆಸರಿನಲ್ಲಿ ಹೂತರೆ ನಾಲ್ಕು ಜನ ಸೇರಿ ಎತ್ತಿ ಇಡುತ್ತಿದ್ದರು. ಅದೇ ತೂಕದ ಕಾರಿಗೆ ಮೂರು ಪಟ್ಟು ಶಕ್ತಿಯ ಇಂಜಿನ್ ಹಾಕಿದರೆ ಹೇಗಿರುತ್ತದೆ, ಊಹಿಸಿಕೊಳ್ಳಿ. ಇಲಾನ್‌ನ ಅಗಲ 1422 ಮಿಲಿಮೀಟರ್. ಮಾರುತಿಯದ್ದು 1440. ಅಂದರೆ ಇಂಗ್ಲೆಂಡಿನ ಈ ಹೆಸರಾಂತ ಸ್ಪೋರ್ಟ್ಸ್ ಕಾರು ನಮ್ಮ ಮಾರುತಿಗಿಂತಲೂ ಸಪೂರ.

ಇನ್ನು ಮಾಜ್ದಾ. 1970ರ ದಶಕದ ಕೊನೆಗೆ ಇಂಗ್ಲೆಂಡಿನ ತೆರೆದ ಪುಟ್ಟ ಕಾರುಗಳು ಒಂದೊಂದಾಗಿ ಕಣ್ಮರೆಯಾಗುತ್ತಿದ್ದವು. ಅಂಥದ್ದೊಂದನ್ನು ನೀವು ಯಾಕೆ ಮಾಡಬಾರದು ಅಂತ ಬಾಬ್ ಹಾಲ್ ಅನ್ನುವ ಅಮೆರಿಕದ ಪತ್ರಕರ್ತ ಮಾಜ್ದಾದ ಕೆನಿಚಿ ಯಮಾಮೊಟೊ ಅವರಿಗೆ ಹೇಳಿದ. ಆಮೇಲೆ ಅವನೇ ಆ ಕಂಪನಿ ಸೇರಿದ. 1989ರ ಫೆಬ್ರವರಿಯಲ್ಲಿ ಶಿಕಾಗೋದ ಪ್ರದರ್ಶನದಲ್ಲಿ ಮೊದಲ ಎಂಎಕ್ಸ್-5 ಹೊರಬಂತು. ಇಲಾನ್ ಅದರ ಹಿಂದೆ ಇತ್ತು ಅನ್ನುವುದನ್ನು ಯಾರೂ ಮುಚ್ಚಿಡಲಿಲ್ಲ. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಬೇಕೆಂದಾಗ ಮೇಲೇಳುವ ಹೆಡ್‌ಲೈಟು ಇಲಾನ್‌ನಲ್ಲೂ ಇತ್ತು, ಇದರಲ್ಲೂ ಬಂತು. 2016ಕ್ಕೆ ಹತ್ತು ಲಕ್ಷ ಎಂಎಕ್ಸ್-5 ತಯಾರಾಗಿದ್ದವು.

ಅದೇ 1989ರಲ್ಲಿ ಲೋಟಸ್ ಏನು ಮಾಡುತ್ತಿತ್ತು ಗೊತ್ತಾ? ಇಲಾನ್ ಅನ್ನುವ ಹೆಸರಿಟ್ಟು ಹೊಸ ಕಾರನ್ನೇ ತಂದಿತು. ಇಸುಜು ಇಂಜಿನ್, ಮುಂದಿನ ಚಕ್ರಕ್ಕೆ ಶಕ್ತಿ. ಒಳ್ಳೆಯ ಕಾರೇ, ಆದರೆ ದುಬಾರಿ. ಎಂಎಕ್ಸ್-5 ಎದುರು ನಿಲ್ಲಲಿಲ್ಲ. ಕೊನೆಗೆ ಅದನ್ನು ಮಾಡುವ ಹಕ್ಕನ್ನು ಕೊರಿಯಾದ ಕಿಯಾ ಕೊಂಡು, 1996ರಿಂದ ಕೆಲವು ವರ್ಷ ಕಿಯಾ ಇಲಾನ್ ಅಂತಲೇ ಮಾರಿತು. ಈಗ ಅದೇ ಕಿಯಾ ನಮ್ಮ ಗಡಿಯಾಚೆಯ ಪೆನುಕೊಂಡದಲ್ಲಿ ಕಾರು ಮಾಡುತ್ತದೆ. ಬೆಂಗಳೂರಿನಲ್ಲಿ ಬೀದಿಗೆ ನಾಲ್ಕು ಸೆಲ್ಟೋಸ್. ಲೋಟಸ್ ಇಲಾನ್‌ನಿಂದ ವಿಜಯನಗರದ ಅರಸರ ಪೆನುಕೊಂಡದ ತನಕ ಹೀಗೊಂದು ದಾರಿ ಇದೆ ಅಂತ ಯಾರಾದರೂ ಅಂದುಕೊಂಡಿರುತ್ತಾರಾ?

ನನ್ನ ಕಾರು ಇರುವ ನಾಲ್ಕನೇ ತಲೆಮಾರು ಬಂದದ್ದು 2015ರಲ್ಲಿ. ಇದನ್ನು ಮಾಡಿದವರ ಮೇಲೆ ನನಗೆ ಬಹಳ ಗೌರವ. ಕಾರುಗಳು ತಲೆಮಾರು ಕಳೆದ ಹಾಗೆ ಉದ್ದ ಆಗುತ್ತವೆ, ಭಾರ ಆಗುತ್ತವೆ. ಇದು ಹಾಗಲ್ಲ. 1989ರ ಮೊದಲ ಎಂಎಕ್ಸ್-5ಗಿಂತ ಉದ್ದದಲ್ಲಿ ಗಿಡ್ಡ, 3915 ಮಿಲಿಮೀಟರ್. ಅದರ ಹಿಂದಿನ ತಲೆಮಾರಿಗಿಂತ ಸುಮಾರು 100 ಕಿಲೋ ಕಮ್ಮಿ. ಬಾನೆಟ್, ಡಿಕ್ಕಿಯ ಬಾಗಿಲು, ಮುಂದಿನ ಮಡ್‌ಗಾರ್ಡ್ ಅಲ್ಯೂಮಿನಿಯಂ. ಚಕ್ರಕ್ಕೆ ಐದು ನಟ್ ಇದ್ದದ್ದು ನಾಲ್ಕಾಯಿತು. ಒಂದು ನಟ್ ತೆಗೆದರೆ ಎಷ್ಟು ಉಳಿದೀತು ಅನ್ನಬೇಡಿ. ನಟ್ ಹೋದರೆ ಬೋಲ್ಟೂ ಹೋಗುತ್ತದೆ, ಅದನ್ನು ಹಿಡಿಯುವ ಹಬ್ ಸಣ್ಣದಾಗುತ್ತದೆ, ನಾಲ್ಕು ಚಕ್ರಕ್ಕೆ ಲೆಕ್ಕ ಹಾಕಿ. ಏರ್‌ಬ್ಯಾಗ್, ಎಬಿಎಸ್, ಎಸಿ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಪಕ್ಕದಿಂದ ಗುದ್ದಿದರೆ ತಡೆಯುವ ಬಾಗಿಲು ಎಲ್ಲ ಹೊತ್ತುಕೊಂಡು ನನ್ನ ಕಾರು ಹೆಚ್ಚುಕಮ್ಮಿ ಒಂದು ಟನ್ ತೂಗುತ್ತದೆ.

ಇಲಾನ್ 690, ಮಾಜ್ದಾ 1000. ಹಾಗಾದರೆ ಇಲಾನ್ ಮಾಡಿದವರೇ ಜಾಣರು ಅಂತ ತೀರ್ಪು ಕೊಡುವುದು ಸುಲಭ. ನಾನು ಕೊಡುವುದಿಲ್ಲ. ಇಲಾನ್ ಹಗುರ ಇರುವುದಕ್ಕೆ ಅದರ ಬುದ್ಧಿವಂತಿಕೆ ಅರ್ಧ ಕಾರಣ. ಇನ್ನರ್ಧ, ಅದರಲ್ಲಿ ಏನೂ ಇಲ್ಲ. ಬಾಗಿಲು ಅಂದರೆ ಫೈಬರ್‌ಗ್ಲಾಸ್‌ನ ತೆಳು ಹಾಳೆ. ಅದರಾಚೆ ಬರುವ ಲಾರಿಗೂ ನನ್ನ ಬಲ ತೋಳಿಗೂ ನಡುವೆ ಹೇಳಿಕೊಳ್ಳುವಂಥದ್ದು ಏನಿಲ್ಲ. ಇಷ್ಟಿದ್ದೂ ಮೂರನೇ ಸರಣಿಯ ಇಲಾನ್‌ಗೆ ಕರೆಂಟಿನ ಕಿಟಕಿ ಕೊಟ್ಟಿದ್ದರು! ಬಾಗಿಲಿನಲ್ಲಿ ಗಟ್ಟಿ ಕಬ್ಬಿಣ ಇಲ್ಲ, ಕಿಟಕಿ ಏರಿಸಲು ಮೋಟಾರ್ ಇದೆ. ಆ ಕಾಲದ ತಕ್ಕಡಿಯೇ ಬೇರೆ.

ಚಾಪ್‌ಮನ್‌ನ ರೇಸ್ ಕಾರುಗಳ ವಿಷಯದಲ್ಲಿ ಈ ತಕ್ಕಡಿ ಎಷ್ಟು ನಿರ್ದಯಿ ಅನ್ನುವುದು ಎಲ್ಲರಿಗೂ ಗೊತ್ತಿದೆ. ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದ ಜಿಮ್ ಕ್ಲಾರ್ಕ್ 1968ರಲ್ಲಿ ಹಾಕನ್‌ಹೈಮ್‌ನಲ್ಲಿ ಲೋಟಸ್ ಓಡಿಸುತ್ತಲೇ ತೀರಿಕೊಂಡರು. 1970ರಲ್ಲಿ ಮೋನ್ಜಾದಲ್ಲಿ ಯೋಖೆನ್ ರಿಂಟ್. ಆ ವರ್ಷದ ಚಾಂಪಿಯನ್ ಪಟ್ಟ ರಿಂಟ್‌ಗೇ ಸಿಕ್ಕಿತು, ಸತ್ತ ಮೇಲೆ. ಹಗುರ ಹಗುರ ಅಂತ ನಾವು ಮೆಚ್ಚಿಕೊಳ್ಳುವಾಗ ಈ ಹೆಸರುಗಳನ್ನೂ ನೆನೆಯಬೇಕು ಅನ್ನಿಸುತ್ತದೆ.

ಅದಕ್ಕೇ ನನ್ನ ಪ್ರಕಾರ ಎಂಜಿನಿಯರ್‌ಗಳ ಕೆಲಸ ಅಂತ ನೋಡಿದರೆ ಮಾಜ್ದಾದ್ದೇ ದೊಡ್ಡದು. ಖಾಲಿ ಚೀಲ ಹೊತ್ತು ಓಡುವುದಕ್ಕೂ ತುಂಬಿದ ಚೀಲ ಹೊತ್ತು ಅಷ್ಟೇ ಚುರುಕಾಗಿ ಓಡುವುದಕ್ಕೂ ವ್ಯತ್ಯಾಸ ಇಲ್ವಾ? ಯಜಮಾನರಿಗೆ ಇದನ್ನು ಹೇಳಿದೆ. ಕೋಪ ಮಾಡಿಕೊಳ್ಳಲಿಲ್ಲ. ನಿನ್ನ ಕಾರು ಚಳಿಗಾಲದ ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಅದೊಂದಕ್ಕೇ ನಾನು ಸೋಲೊಪ್ಪಿಕೊಳ್ಳುತ್ತೇನೆ ಅಂದರು.

ಈಗ ಓಡಿಸಿದ ವಿಷಯಕ್ಕೆ ಬರುತ್ತೇನೆ.

ಇಲಾನ್ ಒಳಗೆ ಹೋಗಬೇಕಾದರೆ ಶೂ ತೆಳ್ಳಗಿರಬೇಕು. ಪೆಡಲ್‌ಗಳು ಅಷ್ಟು ಹತ್ತಿರ ಹತ್ತಿರ. ಎಡಗಡೆ ಬೆನ್ನುಮೂಳೆಯ ಪೆಟ್ಟಿಗೆ, ಬಲಗಡೆ ಬಾಗಿಲು, ನಡುವೆ ನೀವು. ಇಕ್ಕಟ್ಟು ಅನ್ನಿಸುವುದಿಲ್ಲ, ತೊಟ್ಟುಕೊಂಡ ಹಾಗಿರುತ್ತದೆ. ಹೊರಟಾಗ ಒಂದು ಗುಣ ಗೊತ್ತಿರಬೇಕು. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್‌ಗಳಲ್ಲಿ ಲೋಹದ ಜಾಯಿಂಟ್ ಇಲ್ಲ, ದಪ್ಪ ರಬ್ಬರಿನ ಬಳೆಗಳಿವೆ. ಶಕ್ತಿ ಬಂದಾಗ ರಬ್ಬರ್ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಬಿಚ್ಚಿಕೊಳ್ಳುತ್ತದೆ. ಕ್ಲಚ್ ಒರಟಾಗಿ ಬಿಟ್ಟರೆ ಕಾರು ಹಿಂದೆ ಮುಂದೆ ಜೀಕುತ್ತದೆ. ಎಲ್ಲ ಇಲಾನ್‌ಗಳೂ ಹೀಗೇ. ಕಾಲು ಮೆತ್ತಗಾಗುವ ತನಕ ಅದು ಬಿಡುವುದಿಲ್ಲ.

ಆಮೇಲೆ ಸ್ಟೀರಿಂಗ್. ಇದರ ಬಗ್ಗೆ ಬರೆದವರು ಬಹಳ. ಮೆಕ್‌ಲಾರೆನ್ ಎಫ್1 ಕಾರನ್ನು ರೂಪಿಸಿದ ಗಾರ್ಡನ್ ಮರ್ರಿ ಈ ಸ್ಟೀರಿಂಗನ್ನು ಹೊಗಳುತ್ತಲೇ ಬಂದಿದ್ದಾರೆ. ಗಾಳ ಹಾಕಿ ಕೂತಾಗ ನೀರಿನೊಳಗೆ ಮೀನು ಸುಮ್ನೆ ಮುಟ್ಟಿ ಹೋದರೂ ದಾರ ಹಿಡಿದ ಬೆರಳಿಗೆ ತಿಳಿಯುತ್ತದಲ್ಲ, ಹಾಗಿದೆ ಅದು. ಡಾಂಬರು ಒರಟಾಯಿತು, ಇಲ್ಲಿ ಒದ್ದೆ ಇದೆ, ಇಲ್ಲಿ ರಸ್ತೆ ಸ್ವಲ್ಪ ಎಡಕ್ಕೆ ವಾಲಿದೆ, ಎಲ್ಲ ಕೈಗೆ ಬರುತ್ತದೆ. ಪವರ್ ಸ್ಟೀರಿಂಗ್ ಇಲ್ಲ, ಆದರೂ ಭಾರ ಇಲ್ಲ, ಯಾಕೆಂದರೆ ಮುಂದಿನ ಚಕ್ರಗಳ ಮೇಲೆ ಹೊರೆಯೇ ಅಷ್ಟಿಲ್ಲ. ನನ್ನ ಮಾಜ್ದಾದ ಸ್ಟೀರಿಂಗ್‌ಗೆ ವಿದ್ಯುತ್ ಮೋಟಾರಿನ ಸಹಾಯ ಇದೆ. ಚುರುಕಾಗಿದೆ, ಹೇಳಿದ ಕಡೆ ತಿರುಗುತ್ತದೆ. ಸುದ್ದಿ ಮಾತ್ರ ಕಮ್ಮಿ ಕೊಡುತ್ತದೆ. ಈ ಒಂದು ವಿಷಯದಲ್ಲಿ ಹಳೆಯದು ಗೆದ್ದಿತು, ಚರ್ಚೆಯೇ ಇಲ್ಲ.

ಟೈರಿನ ವಿಷಯಕ್ಕೆ ಬಂದರೆ ಕಾರುಪ್ರಿಯರು ಒಂದು ಮಾತು ಹೇಳುತ್ತಾರೆ. ಹಳೆಯ ಕಾರುಗಳಿಗೆ ಸಪೂರ ಟೈರು, ಅದಕ್ಕೇ ಕಮ್ಮಿ ಸ್ಪೀಡಿನಲ್ಲೇ ಮಜಾ ಅಂತ. ನಾನೂ ಅದನ್ನೇ ನಂಬಿದ್ದೆ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ಯಜಮಾನರ ಕಾರಿಗಿರುವುದು 155 ಮಿಲಿಮೀಟರ್ ಅಗಲದ ಟೈರು, ನನ್ನದಕ್ಕೆ 195. ತೂಕಕ್ಕೆ ಹೋಲಿಸಿದರೆ ಇಲಾನ್‌ಗೇ ಟೈರು ಧಾರಾಳ! ವ್ಯತ್ಯಾಸ ಇರುವುದು ಟೈರಿನ ಎತ್ತರದಲ್ಲಿ, ರಬ್ಬರಿನ ಗುಣದಲ್ಲಿ. ಇಲಾನ್‌ನ ಟೈರಿನ ಪಕ್ಕದ ಗೋಡೆ ಎತ್ತರ, ಬಳುಕುತ್ತದೆ, ಜಾರುವ ಮೊದಲು ತುಂಬಾ ಹೊತ್ತು ಎಚ್ಚರಿಕೆ ಕೊಡುತ್ತದೆ. ಆದರೆ ನನ್ನ ಕಾರೂ ಬಿಗಿಯಾದ ಕಾರಲ್ಲ. ಮೆತ್ತನೆಯ ಸ್ಪ್ರಿಂಗ್, ತಿರುವಿನಲ್ಲಿ ಚೆನ್ನಾಗಿ ವಾಲುತ್ತದೆ, ವಾಲಿಯೇ ಎಷ್ಟು ಸ್ಪೀಡು ಅಂತ ಹೇಳುತ್ತದೆ. ವೇಗದಲ್ಲೂ ಎರಡೂ ಹೆಚ್ಚುಕಮ್ಮಿ ಸಮ. ಅರ್ಧ ಶತಮಾನದ ಅಂತರ ಇರುವ ಎರಡು ಕಾರು ಇಷ್ಟು ಹತ್ತಿರ ಇರುವುದು ನನಗೆ ಆಶ್ಚರ್ಯ.

ಹಾಗಾದರೆ ದೊಡ್ಡ ವ್ಯತ್ಯಾಸ ಎಲ್ಲಿ ಕಂಡಿತು?

ಕ್ಯಾಸಲ್‌ಟನ್ ಅನ್ನುವ ಊರಿನ ಹತ್ತಿರ. ಅಲ್ಲಿ ಮ್ಯಾಮ್ ಟೋರ್ ಅನ್ನುವ ಗುಡ್ಡ ಇದೆ. ಸದಾ ಕುಸಿಯುವ ಗುಡ್ಡ. ಅದರ ಮಗ್ಗುಲಲ್ಲಿ ಮುಖ್ಯ ರಸ್ತೆಯೊಂದಿತ್ತು. ಕುಸಿದಾಗಲೆಲ್ಲ ರಿಪೇರಿ ಮಾಡಿ ಮಾಡಿ ಸಾಕಾಗಿ, 1979ರಲ್ಲಿ ವಾಹನಗಳಿಗೆ ಮುಚ್ಚಿಯೇ ಬಿಟ್ಟರು. ಈಗ ನಡೆದು ಹೋಗಿ ನೋಡಬಹುದು. ಡಾಂಬರು ಪದರ ಪದರವಾಗಿ ಮುರಿದು ಬಿದ್ದಿದೆ. ಮಳೆಗಾಲದ ಶಿರಾಡಿ ಕಂಡವರಿಗೆ ಹೊಸದೇನಲ್ಲ. ಅದು ಮುಚ್ಚಿದ ಮೇಲೆ ಆ ಕಡೆಯಿಂದ ಮೇಲೆ ಹತ್ತುವವರಿಗೆ ಉಳಿದದ್ದು ವಿನ್ನಟ್ಸ್ ಪಾಸ್. ಸುಣ್ಣಕಲ್ಲಿನ ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಕಡಿದಾದ ಏರು. ಪಕ್ಕದಲ್ಲಿ ಕುರಿ. ಸುತ್ತಲಿನ ಹಳ್ಳಿ ದಾರಿಗಳಿಗೆ ಎರಡೂ ಕಡೆ ಗಾರೆ ಹಾಕದೆ ಪೇರಿಸಿದ ಕಲ್ಲಿನ ಗೋಡೆಗಳು. ತಪ್ಪಿಸಿಕೊಳ್ಳಲು ಪಕ್ಕದಲ್ಲಿ ಮಣ್ಣಿನ ಜಾಗ ಇಲ್ಲ.

ಆ ದಾರಿಗಳಲ್ಲಿ ಒಂದು ಬದಿಗೆ ಎರಡೂವರೆ ಮೀಟರ್ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಮಾಜ್ದಾದ ಅಗಲ 1735 ಮಿಲಿಮೀಟರ್. ಕನ್ನಡಿ ಲೆಕ್ಕಕ್ಕಿಲ್ಲ. ಉಳಿಯುವ ಜಾಗ 76 ಸೆಂಟಿಮೀಟರ್. ಇಲಾನ್‌ಗೆ ಉಳಿಯುವುದು 107. ಎರಡು ಮೀಟರ್ ಅಗಲದ ದೊಡ್ಡ ಎಸ್‌ಯುವಿಗೆ 50. ಕಾಗದದ ಮೇಲೆ ಒಂದು ಗೇಣಿನ ಆಚೀಚೆ. ರಸ್ತೆಯ ಮೇಲೆ ಅದು ಬೇರೆಯೇ ವಿಷಯ.

ಮಾಜ್ದಾದಲ್ಲಿ ನಾನು ಆ ದಾರಿಯಲ್ಲಿ ಮಾಡುವುದು ಒಂದೇ ಕೆಲಸ. ಗೋಡೆಗೂ ನಡುಗೆರೆಗೂ ಮಧ್ಯೆ ಕಾರನ್ನು ಇಡುವುದು. ಎದುರಿಂದ ಕ್ಯಾಂಪರ್ ವ್ಯಾನ್ ಬಂದರೆ ಬ್ರೇಕು. ಕೆಲವು ಸಲ ನಿಲ್ಲಿಸಿ, ಹಿಂದೆ ಹೋಗಿ, ದಾರಿ ಬಿಡುವುದು. ತಿರುವಿನಲ್ಲಿ ಹೇಗೆ ಒಳಗೆ ಹೋಗಬೇಕು, ಎಲ್ಲಿ ಹೊರಗೆ ಬರಬೇಕು ಅಂತ ಆರಿಸಿಕೊಳ್ಳಲು ಜಾಗವೇ ಇಲ್ಲ. ಇಲಾನ್‌ನಲ್ಲಿ ಅದೇ ದಾರಿ ಅಗಲ ಆಯಿತು. ಗುಂಡಿ ಕಂಡರೆ ಬ್ರೇಕ್ ಹಾಕುವ ಬದಲು ಪಕ್ಕಕ್ಕೆ ಸರಿದೆ. ಎದುರು ವ್ಯಾನ್ ಬಂದಾಗ ಆಕ್ಸಿಲರೇಟರ್‌ನಿಂದ ಕಾಲು ಸ್ವಲ್ಪ ಎತ್ತಿದೆ, ಅಷ್ಟೇ, ದಾಟಿಬಿಟ್ಟೆವು. ಎಡ ತಿರುವಿನ ಮೊದಲು ನಡುಗೆರೆಯ ಹತ್ತಿರ ಹೋಗಿ ಮುಂದೇನಿದೆ ಅಂತ ಇಣುಕಿ ನೋಡುವುದಕ್ಕೂ ಆಯಿತು. ಸ್ಪೀಡು ಗಂಟೆಗೆ 40 ಮೈಲಿ ದಾಟಿರಲಿಲ್ಲ. ಕಾನೂನು ಮುರಿಯದೆ, ಯಾರಿಗೂ ತೊಂದರೆ ಕೊಡದೆ, ಒಂದು ಸ್ಪೋರ್ಟ್ಸ್ ಕಾರು ಏನು ಕೊಡಬೇಕೋ ಅಷ್ಟನ್ನೂ ಅದು ಕೊಟ್ಟಿತು.

ಅಲ್ಲಿ ನನಗೆ ಹೊಳೆದದ್ದು ಇದು. ನನ್ನ ಕಾರಿಗಿಂತ ಇದು 300 ಕಿಲೋ ಹಗುರ ಅನ್ನುವುದು ನಿಜ. ಆದರೆ ಆ ದಾರಿಯಲ್ಲಿ ನನಗೆ ಖುಷಿ ಕೊಟ್ಟದ್ದು 300 ಕಿಲೋ ಅಲ್ಲ, 313 ಮಿಲಿಮೀಟರ್. ಇಷ್ಟು ಸಪೂರದ ಕಾರನ್ನು ಇವತ್ತಿನ ಎಂಜಿನ್, ಬ್ರೇಕು, ಟೈರಿನೊಂದಿಗೆ ಯಾರಾದರೂ ಮಾಡಿಕೊಟ್ಟರೆ, ತೂಕ ಒಂದು ಟನ್ ಇದ್ದರೂ ನನಗೆ ಚಿಂತೆಯಿಲ್ಲ.

ಮಾಜ್ದಾದವರು ಉದ್ದ ಗೆದ್ದರು, ತೂಕ ಗೆದ್ದರು, ಅಗಲದಲ್ಲಿ ಸೋತರು. ಮೊದಲ ಎಂಎಕ್ಸ್-5 ಅಗಲ 1675 ಇತ್ತು. ನನ್ನದು ಅದಕ್ಕಿಂತ 60 ಮಿಲಿಮೀಟರ್ ಜಾಸ್ತಿ. ಅವರನ್ನು ಬೈದು ಪ್ರಯೋಜನ ಇಲ್ಲ. 1990ರ ದಶಕದ ಕೊನೆಯಲ್ಲಿ ಯೂರೋಪಿನಲ್ಲಿ ಪಕ್ಕದಿಂದ ಗುದ್ದಿಸಿ ನೋಡುವ ಪರೀಕ್ಷೆ ಕಡ್ಡಾಯ ಆಯಿತು. ಮುಂದೆ ಗುದ್ದಿದರೆ ಮಡಚಿಕೊಳ್ಳಲು ಬಾನೆಟ್ ಇದೆ, ಹಿಂದೆ ಡಿಕ್ಕಿ ಇದೆ. ಪಕ್ಕದಲ್ಲಿ ಏನಿದೆ? ಬಾಗಿಲು ಒಂದೇ. ಅದು ದಪ್ಪ ಆಗಲೇಬೇಕು. ಒಳಗೆ ಅಡ್ಡ ಕಬ್ಬಿಣ, ಏರ್‌ಬ್ಯಾಗ್, ಆಮೇಲೆ ಮನುಷ್ಯನಿಗೂ ಬಾಗಿಲಿಗೂ ನಡುವೆ ಒಂದಿಷ್ಟು ಖಾಲಿ ಜಾಗ. ಎರಡೂ ಕಡೆ ಸೇರಿಸಿದರೆ ಲೆಕ್ಕ ಅಲ್ಲೇ ಸರಿಹೋಗುತ್ತದೆ. ತೂಕ ಇಳಿಸಲು ಅಲ್ಯೂಮಿನಿಯಂ ಇದೆ, ಜಾಣತನ ಇದೆ. ಗಾಳಿಗೆ ಬದಲಿ ಏನೂ ಇಲ್ಲ. ಆ ಖಾಲಿ ಜಾಗದಿಂದ ಎಷ್ಟು ಜನ ಬದುಕಿದ್ದಾರೋ. ನನ್ನ ಹೆಂಡತಿ ಪಕ್ಕದಲ್ಲಿ ಕೂತಿದ್ದಾಗ ನನಗೂ ಆ ದಪ್ಪ ಬಾಗಿಲೇ ಬೇಕು.

ಆದರೂ ಕಾನೂನಿನಿಂದಲೇ ಸಪೂರ ಉಳಿದ ಒಂದು ಜಾಗ ಇದೆ. ಜಪಾನ್. ಅಲ್ಲಿ ಕೇ ಕಾರು ಅನ್ನುವ ವರ್ಗ ಇದೆ. ಉದ್ದ, ಅಗಲ, ಇಂಜಿನ್ ಇಷ್ಟರೊಳಗೇ ಇರಬೇಕು. ಇದ್ದರೆ ತೆರಿಗೆ ಕಮ್ಮಿ. 1990ರ ನಿಯಮದಲ್ಲಿ 660 ಸಿಸಿ, 3.3 ಮೀಟರ್ ಉದ್ದ, 1.4 ಮೀಟರ್ ಅಗಲ. 1998ರಲ್ಲಿ ಅಗಲವನ್ನು 1.48 ಮೀಟರಿಗೆ ಏರಿಸಿದರು, ಅದೂ ಅಪಘಾತದಲ್ಲಿ ಸುರಕ್ಷತೆಗೇ. ಅಷ್ಟರಲ್ಲೇ ನಿಲ್ಲಿಸಿದರು. ಹೀಗೆ ಮಿತಿ ಹಾಕಿದಾಗ ಎಂಜಿನಿಯರ್‌ಗಳು ಪುಟ್ಟ ಸ್ಪೋರ್ಟ್ಸ್ ಕಾರುಗಳನ್ನೂ ಮಾಡಿದರು. 1991ರ ಹೋಂಡಾ ಬೀಟ್. ಅದೇ ವರ್ಷದ ಸುಜುಕಿ ಕ್ಯಾಪುಚಿನೋ. ಇತ್ತೀಚಿನ ಹೋಂಡಾ ಎಸ್660, ಅದೂ 2022ಕ್ಕೆ ನಿಂತಿತು.

ಕ್ಯಾಪುಚಿನೋ ಮೇಲೆ ನನಗೆ ಕಣ್ಣು. ಮುಂದೆ ಇಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ಎರಡು ಸೀಟು. ತೂಕ 700 ಕಿಲೋ ಆಸುಪಾಸು. ಅಗಲ 1395 ಮಿಲಿಮೀಟರ್, ಇಲಾನ್‌ಗಿಂತಲೂ ಕಮ್ಮಿ. ಟರ್ಬೋ ಇರುವ ಮೂರು ಸಿಲಿಂಡರಿನ ಇಂಜಿನ್. ಈ ಇಂಜಿನ್ ಎಲ್ಲಿಯದು ಅಂತ ನೋಡಿದರೆ, ಮಾರುತಿ 800ರ ಇಂಜಿನ್ ಇರುವ ಸುಜುಕಿ ಕುಟುಂಬದ್ದೇ. ನಮ್ಮ ಮಾರುತಿ ಅಷ್ಟು ಸಪೂರ ಇದ್ದದ್ದಕ್ಕೂ ಕಾರಣ ಇದೇ ಜಪಾನಿನ ನಿಯಮ. ಅಲ್ಲಿನ ಕೇ ಕಾರಿಗೆ 796 ಸಿಸಿ ಇಂಜಿನ್ ಇಟ್ಟು ನಮಗೆ ಕೊಟ್ಟರು. ನಮ್ಮ ಘಾಟಿಗಳ ಅಗಲ ನೋಡಿ ಯಾರೂ ಅದನ್ನು ಮಾಡಿದ್ದಲ್ಲ. ಆದರೂ ಅದರಷ್ಟು ನಮ್ಮ ಘಾಟಿಗೆ ಒಗ್ಗಿದ ಕಾರು ಮತ್ತೆ ಬಂದಿಲ್ಲ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಮಿನಿ ಬಸ್ಸು ಎದುರಾದರೆ ಅಪ್ಪ ಕಾರನ್ನು ಗುಡ್ಡದ ಕಡೆ ಒತ್ತಿ, ನಿಲ್ಲಿಸದೇ ದಾಟಿಸುತ್ತಿದ್ದರು. ಈಗ ಅಲ್ಲಿ 1790 ಮಿಲಿಮೀಟರ್ ಅಗಲದ ಕ್ರೆಟಾಗಳು ಹೇರ್‌ಪಿನ್ನಿನಲ್ಲಿ ಹಿಂದೆ ಮುಂದೆ ಮಾಡುತ್ತಾ ಸಾಲುಗಟ್ಟಿ ನಿಲ್ಲುವುದನ್ನು ಊರಿಗೆ ಹೋದಾಗೆಲ್ಲ ನೋಡುತ್ತೇನೆ. ರಸ್ತೆ ಚಿಕ್ಕದಾಯಿತು, ಅಗಲ ಮಾಡಬೇಕು ಅಂತ ಎಲ್ಲರ ದೂರು. ರಸ್ತೆ ಇದ್ದಷ್ಟೇ ಇದೆ.

ಕ್ಯಾಪುಚಿನೋ 1993ರಿಂದ ಎರಡು ಮೂರು ವರ್ಷ ಇಂಗ್ಲೆಂಡಿನಲ್ಲೂ ಅಧಿಕೃತವಾಗಿಯೇ ಮಾರಾಟ ಆಗಿತ್ತು. ಹಾಗಾಗಿ ಆಗಾಗ ಜಾಹೀರಾತು ಕಾಣುತ್ತದೆ. ಒಂದು ಒಳ್ಳೆಯ ಇಲಾನ್ ಕೊಳ್ಳುವ ದುಡ್ಡು ನನ್ನ ಹತ್ತಿರ ಇಲ್ಲ. ಅದರ ಬೆಲೆಗೆ ನನ್ನ ಮಾಜ್ದಾದಂಥ ಸೆಕೆಂಡ್ ಹ್ಯಾಂಡ್ ಕಾರು ಎರಡು ಮೂರು ಬರುತ್ತವೆ. ಕ್ಯಾಪುಚಿನೋ ಆದರೆ ಯೋಚಿಸಬಹುದು. ಮನೆಯಲ್ಲಿ ಮಾತೆತ್ತಿದಾಗ, "ಇದಕ್ಕೂ ಎರಡೇ ಸೀಟಾ?" ಅಂದಳು ಹೆಂಡತಿ. ಅಮ್ಮನಿಂದ ಕಲಿತಿದ್ದಾಳೆ. ಡರ್ಬಿಯ ಹತ್ತಿರ ಒಂದು ಕಾರು ಮಾರಾಟಕ್ಕಿದೆ, ಮುಂದಿನ ವಾರ ನೋಡಲು ಹೋಗಬೇಕು. ಈ ಕಾರುಗಳಿಗೆ ಬಾಗಿಲ ಕೆಳಗಿನ ಪಟ್ಟಿಯಲ್ಲಿ ತುಕ್ಕು ಹಿಡಿಯುವುದು ಜಾಸ್ತಿ. ತುಕ್ಕು ಹುಡುಕಲು ಯಜಮಾನರೂ ಟಾರ್ಚ್ ಹಿಡಿದು ಬರುತ್ತಾರಂತೆ. ಯಾವ ಕಾರಿನಲ್ಲಿ ಹೋಗುವುದು ಅನ್ನುವುದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.